ವಯಸ್ಸು ಬರೆಯದ ಚೀಟಿ

ಕಳೆದ ವಾರ ಕೊಳ್ಳೇಗಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕೂತಿದ್ದೆ. ಅಲ್ಲಿದ್ದಾಕೆ ಹತ್ತಿಗೆ ಸ್ಪಿರಿಟ್ ಹಾಕಿ ತೋಳು ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ಸಿಸ್ಟರ್ ನೆನಪಾದರು. ಬೆಳಿಗ್ಗೆ ಆಫೀಸಿಗೆ ಬಂದವರು ಮೊದಲು ತಮ್ಮ ಕೀಬೋರ್ಡನ್ನು ಹೀಗೇ ಸ್ಪಿರಿಟ್ ಹತ್ತಿಯಲ್ಲಿ ಒರೆಸುತ್ತಿದ್ದರು. ಆಮೇಲೆ ನನ್ನದನ್ನೂ... ನೆನಪಿನ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಇಳಿದಿಲ್ಲ.

ಆಗ ನಮ್ಮದು ಅದೇ ಊರಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸು. ಸುತ್ತಲಿನ ಸಣ್ಣ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ರೋಗಿಯ ವಿವರ ಮತ್ತು ತೂಕ ತುಂಬಿದರೆ ಎಷ್ಟು ಔಷಧ ಕೊಡಬೇಕೆಂದು ಲೆಕ್ಕ ಹಾಕಿ ಅದು ಚೀಟಿ ಮುದ್ರಿಸುತ್ತಿತ್ತು. ಆಸ್ಪತ್ರೆಯ ಒಳಗು ಹೊರಗು ಗೊತ್ತಿರುವವರು ಒಬ್ಬರು ಬೇಕೆಂದು ಮಾಲೀಕರು ಸಿಸ್ಟರನ್ನು ಸೇರಿಸಿಕೊಂಡಿದ್ದರು. ಯಳಂದೂರು ತಾಲ್ಲೂಕಿನ ಅಗರದವರು, ಹದಿನೈದು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಬೆನ್ನು ನೋವೆಂದು ವಾರ್ಡು ಬಿಟ್ಟಿದ್ದರು. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ.

ಪ್ರೋಗ್ರಾಮಿಗೆ ಪರೀಕ್ಷೆ ಬರೆಯುವುದನ್ನು ಅವರಿಗೆ ಕಲಿಸಿದವಳು ನಾನೇ. ಪ್ರೋಗ್ರಾಮಿನ ಒಂದೊಂದು ತುಂಡಿಗೂ ಒಂದು ಪುಟ್ಟ ಪರೀಕ್ಷೆ. ಇಷ್ಟು ತೂಕ ಕೊಟ್ಟರೆ ಇಷ್ಟು ಔಷಧ ಎಂಬ ಉತ್ತರ ಬರಬೇಕು, ಬಾರದಿದ್ದರೆ ಫೇಲ್. ಅವರು ಮೂರು ತಿಂಗಳಲ್ಲಿ ನನ್ನನ್ನು ಮೀರಿಸಿದರು. ನಾವು ತಲೆಯಿಂದ ಅಂಕಿ ಹುಟ್ಟಿಸಿ ಬರೆಯುತ್ತಿದ್ದೆವು. ಅವರ ಪ್ರತಿ ಪರೀಕ್ಷೆಯ ಹಿಂದೆ ವಾರ್ಡಿನಲ್ಲಿ ಕಂಡ ಒಂದು ಮಗು ಇರುತ್ತಿತ್ತು. ಏಳು ತಿಂಗಳಿಗೇ ಹುಟ್ಟಿದ್ದು, ಒಂದೇ ಹೆಸರಿನ ಅವಳಿಗಳು, ತೂಕದ ಯಂತ್ರದ ಮೇಲೆ ಕಂಬಳಿ ಸಮೇತ ಮಲಗಿಸಿದ್ದು... ಬರೆಯುವಾಗ ಆ ಮಗುವಿನ ಕಥೆಯನ್ನೂ ಹೇಳುತ್ತಿದ್ದರು.

ಇನ್ನೂರಕ್ಕೂ ಹೆಚ್ಚು ಪರೀಕ್ಷೆಗಳಾದ ಮೇಲೆ ಅವರು ಒಂದು ದಿನ ಕೇಳಿದರು: "ಇವ್ನೆಲ್ಲ ನಾವು ನೆಪ್ಪು ಮಾಡ್ಕಂಡು ಓಡುಸ್ಬೇಕಾ? ಒಂದಿನ ಮರ್ತ್ರೆ ಏನವ್ವ ಗತಿ?" ಅದಕ್ಕೆಂದೇ ನಾನು ಒಂದು ಸ್ಕ್ರಿಪ್ಟ್ ಬರೆದೆ. ಹೊಸ ಆವೃತ್ತಿಯನ್ನು ಆಸ್ಪತ್ರೆಗೆ ಕಳಿಸುವ ಆಜ್ಞೆ ಕೊಟ್ಟರೆ ಮೊದಲು ಅಷ್ಟೂ ಪರೀಕ್ಷೆಗಳು ತಾವೇ ಓಡುತ್ತಿದ್ದವು. ಎಲ್ಲ ಪಾಸಾದರೆ ಮಾತ್ರ ಆವೃತ್ತಿ ಮುಂದೆ ಹೋಗುತ್ತಿತ್ತು. ಒಂದು ಬಿದ್ದರೂ ಅಲ್ಲೇ ನಿಲ್ಲುತ್ತಿತ್ತು. ಅದನ್ನು ಮೊದಲ ಸಲ ಓಡಿಸಿದ ದಿನ ಸಿಸ್ಟರ್ ಎಲ್ಲರಿಗೂ ಬಿಸಿ ಬೋಂಡ ತರಿಸಿದ್ದರು.

ಹನೂರಿನ ಒಂದು ಪುಟ್ಟ ನರ್ಸಿಂಗ್ ಹೋಮ್ ನಮ್ಮ ಗಿರಾಕಿ. ಅದು ಈಗ ಮುಚ್ಚಿದೆ. ಅಲ್ಲಿ ಹೊಸ ಮಕ್ಕಳ ವಾರ್ಡಿನ ಉದ್ಘಾಟನೆ ಇತ್ತು. ಅತಿಥಿಗಳ ಎದುರು ಹೊಸ ಆವೃತ್ತಿ ತೋರಿಸುತ್ತೇನೆಂದು ಮಾಲೀಕರು ಮಾತು ಕೊಟ್ಟಿದ್ದರು. ಹಿಂದಿನ ದಿನ ಕಳಿಸಲು ಹೋದರೆ ಸಿಸ್ಟರ್ ಬರೆದಿದ್ದ ಒಂದು ಪರೀಕ್ಷೆ ಫೇಲಾಗಿ ಎಲ್ಲವೂ ನಿಂತಿತು. ವಯಸ್ಸಿನ ಜಾಗ ಖಾಲಿ ಬಿಟ್ಟರೆ ಹಳೆಯ ಪ್ರೋಗ್ರಾಮ್ ತೂಕ ನೋಡಿ ಲೆಕ್ಕ ಹಾಕುತ್ತಿತ್ತು. ಹೊಸದು ರೋಗಿಯನ್ನು ದೊಡ್ಡವರೆಂದೇ ತಿಳಿಯುತ್ತಿತ್ತು.

ಮಾಲೀಕರು ರೇಗಿದರು. "ವಯಸ್ಸು ಬರೀದೆ ಯಾರಾದ್ರೂ ಚೀಟಿ ಮಾಡುಸ್ತಾರೇನ್ರಿ ಸಿಸ್ಟರ್?"

"ಮಾಡುಸ್ತರೆ ಸಾ. ಮಾರ್ಟಳ್ಳಿ ಕಡಿಂದ ಅಜ್ಜಿ ಮೊಗ ಎತ್ಕಂಡು ಓಡ್ಬತ್ತದೆ. ತೂಕ ನಾವೇ ನೋಡ್ತೀವಿ. ವಯಸ್ಸು ಕೇಳುದ್ರೆ ತಮಿಳ್ನಲ್ಲಿ 'ತೆರಿಯಾದು' ಅಂತದೆ. ಗೊತ್ತಿಲ್ದೆ ಇದ್ರೆ ಏನಂತ ಬರಿಯೋದು? ನಾನೇ ಎಷ್ಟೋ ಸಲ ಖಾಲಿ ಬುಟ್ಟಿವ್ನಿ."

ಸರಿಪಡಿಸಲು ಎರಡು ದಿನ ಬೇಕಿತ್ತು. ಎರಡು ದಿನ ತಡೆಯಿರಿ ಎಂದು ಸಿಸ್ಟರ್ ಪಟ್ಟು ಹಿಡಿದರು. ಮಾಲೀಕರು ಗಡಿಯಾರ ನೋಡಿಕೊಂಡು ಒಳಕೋಣೆಗೆ ಹೋದರು. ಸಂಜೆ ಸಿಸ್ಟರ್ ಯಳಂದೂರಿನ ಬಸ್ಸಿಗೆ ಹೊರಟ ಮೇಲೆ ಮಾಲೀಕರು ನನ್ನ ಮೇಜಿನ ಬಳಿ ಬಂದು, "ಆ ಒಂದುನ್ನ ತಗುದ್ಬುಡು, ಆಮೇಲೆ ಆಕವ" ಎಂದರು. ನಾನು ತೆಗೆದೆ. ಆ ಪರೀಕ್ಷೆಯನ್ನು ಬಿಟ್ಟುಬಿಡು ಎನ್ನುವ ಒಂದೇ ಒಂದು ಸಾಲು. ಪರದೆಯ ತುಂಬ ಪಾಸಿನ ಹಸಿರು ಬಂತು. ಕೊನೆಯಲ್ಲಿ ಸಣ್ಣದಾಗಿ 'ಒಂದು ಬಿಟ್ಟಿದೆ' ಎಂದಿತ್ತು. ಆವೃತ್ತಿ ಹನೂರಿಗೆ ಹೋಯಿತು. ಸಿಸ್ಟರಿಗೆ ನಾನು ಹೇಳಲಿಲ್ಲ. ಹನೂರಿನಲ್ಲಿ ತೋರಿಸಿದ್ದು ಹಳೆಯದನ್ನೇ ಎಂದು ಅವರು ತಿಳಿದಿದ್ದರು, ಉದ್ಘಾಟನೆ ಮುಗಿದ ಮೇಲೆ ಸರಿಪಡಿಸುವ ಆತುರ ಮಾಲೀಕರಿಗೂ ಇರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದುಕೊಳ್ಳುತ್ತಲೇ...

ಐದನೆಯ ದಿನ ಫಿಟ್ಸ್ ಬಂದ ಮಗುವೊಂದನ್ನು ಮಾರ್ಟಳ್ಳಿಯಿಂದ ಅಜ್ಜಿ ಆ ನರ್ಸಿಂಗ್ ಹೋಮಿಗೆ ಎತ್ತಿಕೊಂಡು ಬಂದಳು. ವಯಸ್ಸು ಖಾಲಿ. ಚೀಟಿಯಲ್ಲಿ ದೊಡ್ಡವರ ಪ್ರಮಾಣ ಬಂತು. ಕಂಪ್ಯೂಟರ್ ಹೇಳಿದ್ದನ್ನು ನಂಬಿ ಎಂದು ನಾವೇ ಅಲ್ಲಿ ತರಬೇತಿ ಕೊಟ್ಟಿದ್ದೆವು. ಡ್ಯೂಟಿ ನರ್ಸ್ ನಂಬಿದಳು. ಮಗು ನಿದ್ದೆಗೆ ಜಾರಿದ್ದು ಏಳಲಿಲ್ಲ. ಮೈಸೂರಿಗೆ ಸಾಗಿಸಿದರು. ಮೂರನೆಯ ದಿನ ಅದು ಕಣ್ಣು ಬಿಟ್ಟಿತು, ಉಳಿಯಿತು. ಆ ಮೂರು ದಿನ ನಾನು ಉಂಡದ್ದು, ಮಲಗಿದ್ದು ಒಂದೂ ನೆನಪಿಲ್ಲ.

ಸಿಸ್ಟರ್ ಕಂಪ್ಯೂಟರ್ ತೆರೆದು ನಾನು ಸೇರಿಸಿದ್ದ ಸಾಲನ್ನು ಕಂಡುಹಿಡಿದರು. "ನೀನಾ ಇದು?" ಎಂದರು.

"ಸಾರ್ ಹೇಳಿದ್ರು ಸಿಸ್ಟರ್."

"ಅವ್ರು ಯೋಳುದ್ರು. ನಿನ್ ಕೈ ಯಾಕವ್ವ ಓಯ್ತು?"



ಹನೂರಿನ ನರ್ಸಿಂಗ್ ಹೋಮಿನವರು ಸಭೆ ಕರೆದರು. ನಮ್ಮ ಮಾಲೀಕರು ಕೋಟು ಹಾಕಿಕೊಂಡು ಬಂದು, ಸಾಫ್ಟ್‌ವೇರ್ ಸರಿಯಾಗಿಯೇ ಇದೆ, ನರ್ಸ್ ಕಣ್ಣು ಬಿಟ್ಟು ನೋಡಬೇಕಿತ್ತು ಎಂದರು. ಆ ನರ್ಸ್ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಆಗ ಸಿಸ್ಟರ್ ಎದ್ದರು. "ಅವ್ಳದೇನೂ ತಪ್ಪಿಲ್ಲ ಸಾ. ತಪ್ಪಿರೋದು ನಮ್ ಪ್ರೋಗ್ರಾಮ್‌ನಲ್ಲಿ. ನಮಗೆ ಮುಂಚೇನೇ ಗೊತ್ತಿತ್ತು."

ಮಾಲೀಕರು ತಡವರಿಸಲೂ ಇಲ್ಲ. "ಪರೀಕ್ಷೆ ನೋಡ್ಕೊಳೋದು ಇವ್ರ ಕೆಲ್ಸ. ಗೊತ್ತಿದ್ದೂ ಬಿಟ್ಟವ್ರೆ ಅಂದ್ರೆ ಇವ್ರನ್ನೇ ಕೇಳಿ" ಎಂದುಬಿಟ್ಟರು. ಆ ಸಾಲನ್ನು ಯಾರು ಬರೆದರು, ಯಾವ ಹೊತ್ತಿನಲ್ಲಿ ಬರೆದರು ಎಂಬುದೆಲ್ಲ ದಾಖಲಾಗಿತ್ತು. ನನ್ನ ಹೆಸರೇ ಇತ್ತು. ಆ ದಾಖಲೆಯಿದ್ದ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆಯೇ ಇತ್ತು. ಸಿಸ್ಟರ್ ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ನನ್ನ ಹೆಸರು ಹೇಳಲಿಲ್ಲ.

ಡ್ಯೂಟಿ ನರ್ಸಿನ ಕೆಲಸ ಉಳಿಯಿತು, ಸಿಸ್ಟರದು ಹೋಯಿತು. ಮರುದಿನ ಅವರು ಬಸ್ಸು ಹಿಡಿದು ಮಾರ್ಟಳ್ಳಿಗೆ ಹೋಗಿ, ಆ ಅಜ್ಜಿಯ ಜಗಲಿಯಲ್ಲಿ ಕೂತು, ಏನಾಯಿತೆಂದು ತಮಗೆ ಬರುವಷ್ಟು ತಮಿಳಿನಲ್ಲಿ ಬಿಡಿಸಿ ಹೇಳಿ ಬಂದರಂತೆ. ಹಾಗೆ ಹೋಗಿ ಹೇಳಿದವರು ಅವರೊಬ್ಬರೇ. ಅದಾದ ಮೇಲೆ ಸುತ್ತಮುತ್ತಲಿನ ಯಾವ ಆಸ್ಪತ್ರೆಯೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಮಗುವಿಗೆ ಹೆಚ್ಚು ಔಷಧ ಹೋದ ಸುದ್ದಿಗೆ ಅವರ ಹೆಸರು ಅಂಟಿಕೊಂಡಿತ್ತು. ಅಂಟಿಸಿದವರು ಯಾರೆಂದು ನನಗೆ ಗೊತ್ತು. ಅವರು ಈಗಲೂ ಕಂಪನಿಯ ಜಾಹೀರಾತಿನಲ್ಲಿ 'ನಮ್ಮ ಪ್ರತಿ ಆವೃತ್ತಿಯೂ ತಾನಾಗಿ ಪರೀಕ್ಷೆಗೊಳಪಟ್ಟೇ ಬರುತ್ತದೆ' ಎಂದು ಅಚ್ಚು ಹಾಕಿಸುತ್ತಾರೆ. ಅದನ್ನು ಕಂಡಾಗಲೆಲ್ಲ ಹರಿದು ಹಾಕುತ್ತೇನೆ. ಹರಿಯುವುದಷ್ಟೇ. ವರ್ಷ ತುಂಬುವ ಮೊದಲು ನಾನು ಅಲ್ಲಿನ ಕೆಲಸ ಬಿಟ್ಟೆ, ನಿಜ. ಆದರೆ ಬಿಡುವ ಮುನ್ನ ಅವರು ಕೊಟ್ಟ ಬಡ್ತಿಯನ್ನೂ ತೆಗೆದುಕೊಂಡಿದ್ದೆ.

ಲ್ಯಾಬಿನಿಂದ ಹೊರಗೆ ಬಂದವಳು ಮನೆಗೆ ಹೋಗಲಿಲ್ಲ, ಅಗರಕ್ಕೆ ಹೋದೆ. ಸಿಸ್ಟರ್ ಹೋಗಿ ಆಗಲೇ ಎರಡು ವರ್ಷವಾಗಿದೆ ಎಂದು ಅಲ್ಲಿ ತಿಳಿಯಿತು. ಕ್ಯಾನ್ಸರ್ ಅಂತೆ. ಅವರ ನಾದಿನಿ ರಾಗಿ ಕೇರುತ್ತಾ ಕೂತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ತಪ್ಪು ಸಿಸ್ಟರದಲ್ಲ, ಆ ಸಾಲು ಬರೆದವಳು ನಾನು, ಸಭೆಯಲ್ಲಿ ಬಾಯಿ ಬಿಡದವಳೂ ನಾನು. ಅವರು ಮೊರ ಕೆಳಗಿಟ್ಟರು.

"ಅತ್ಗೆ ಬದ್ಕಿದ್ದಾಗ ಇದ ಯೋಳ್ನಿಲ್ವಲ್ಲ" ಎಂದರು. "ಈಗ ಯಾರ್ಗ್ ಯೋಳಿಯೆ?"

ಅವರು ಮತ್ತೆ ಮೊರ ಎತ್ತಿಕೊಂಡು ರಾಗಿ ಕೇರತೊಡಗಿದರು.