ಯಾರೂ ಕಾಫಿಗೆ ಏಳದ ಆಟ

ಬೀದಿದೀಪ ಇನ್ನೂ ಆರಿಲ್ಲ. ಮೂರನೇ ಮಹಡಿಯ ಅಡುಗೆಮನೆಯ ಮೇಜಿನ ಮೇಲೆ ರಟ್ಟಿನ ಚೀಟಿಗಳು, ಎರಡು ದಾಳ, ನಡುವೆ ಒಂದು ಸ್ಟೀಲ್ ಬಟ್ಟಲು. ಈ ಬದಿಗೆ ತೂತಕ್ಕ, ಆ ಬದಿಗೆ ಶಾಲು ಹೊದ್ದ ಅವರ ಅತ್ತೆ. ಅತ್ತೆ ಈಗಷ್ಟೇ ಆಟದಲ್ಲಿ ಒಂದಿಡೀ ನಗರದ ಕಂಪ್ಯೂಟರುಗಳನ್ನು ನುಂಗಿ ಹಾಕಿ, ನೆಮ್ಮದಿಯಾಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ.

"ಇಷ್ಟೇನಾ ನಿನ್ನ ಕಾವಲು?"

"ಏನ್ ಮಾಡಿದ್ರಿ ಅತ್ತೆ?"

"ನೀನು ಬರೆದಿದ್ದನ್ನೇ. ಏನು ಮಾಡ್ಬೇಕು ಅನ್ನೋ ಕಡೆ 'ನಕಲು' ಚೀಟಿ ಇಟ್ಟೆ. ಯಾರನ್ನ ಅನ್ನೋ ಕಡೆ ಆ ನಕಲನ್ನೇ ಇಟ್ಟೆ. ಒಂದು ಎರಡಾಯ್ತು, ಎರಡು ನಾಲ್ಕಾಯ್ತು. ನಿನ್ನ ಕಾವಲುಗಾರ ಇನ್ನೂ ಚಪ್ಪಲಿ ಹುಡುಕ್ತಾ ಇದಾನೆ."

ತೂತಕ್ಕನ ಮುಖ ಸಪ್ಪಗಾಗುತ್ತದೆ. ಪ್ರಕಾಶಕರ ಮುಂದೆ ಆಟದ ಕೊನೆಯ ಪರೀಕ್ಷೆ ಇರುವುದು ಇವತ್ತೇ.

ತೂತಕ್ಕನ ಕಸುಬು ಆಟಗಳಿಗೆ ನಿಯಮ ಬರೆಯುವುದು. ಪರದೆಯ ಮೇಲಿನ ಆಟಗಳಲ್ಲ, ನಾಲ್ಕು ಜನ ಮೇಜಿನ ಸುತ್ತ ಕೂತು ಬಾಯಿಮಾತಲ್ಲಿ, ದಾಳದಲ್ಲಿ ಆಡುವಂಥವು. ಈಗ ಕೈಯಲ್ಲಿರುವುದು ಕಂಪನಿಗಳೇ ಸರ್ಕಾರವಾಗಿರುವ, ಜನ ಕೈಕಾಲಿಗೆ ಯಂತ್ರ ಜೋಡಿಸಿಕೊಂಡಿರುವ ಮುಂದಿನ ಕಾಲದ ನಗರದ ಕಥೆ. ಆಡುವವರಲ್ಲಿ ಒಬ್ಬರು ಕಾರು ಓಡಿಸುವವರಾದರೆ ಇನ್ನೊಬ್ಬರು ಹೊಡೆದಾಡುವವರು, ಮತ್ತೊಬ್ಬರು ಮಾತಿನಮಲ್ಲರು. ನಾಲ್ಕನೆಯವರು ಹ್ಯಾಕರ್. ತೊಂದರೆಯೆಲ್ಲ ಈ ಹ್ಯಾಕರಿನದೇ. ಅವರು ಕೋಡ್ ಬರೆಯಲು ಕೂತರೆಂದರೆ ಉಳಿದ ಮೂವರಿಗೆ ಕೆಲಸವಿಲ್ಲ, ಎದ್ದು ಕಾಫಿಗೆ ಹೋಗುತ್ತಾರೆ. ನಿಯಮಪುಸ್ತಕಕ್ಕೆ ತೂತಕ್ಕ ಬರೆದ ಹ್ಯಾಕರ್ ಅಧ್ಯಾಯ ಇದೇ ಕಾರಣಕ್ಕೆ ಎರಡು ಸಲ ಕಸದಬುಟ್ಟಿ ಕಂಡಿದೆ. "ಈ ಸಲ ಒಬ್ಬರು ಎದ್ರೂ ಹ್ಯಾಕರ್ ಇಲ್ಲದೇನೇ ಪುಸ್ತಕ ಅಚ್ಚಿಗೆ ಹೋಗುತ್ತೆ" ಎಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿದ್ದಾರೆ.

ತೂತಕ್ಕ ಎಂಬ ಅಡ್ಡಹೆಸರು ಕಚೇರಿಯವರು ಕೊಟ್ಟಿದ್ದು, ಹೊತ್ತು ಹುಟ್ಟಿದರೆ ಇನ್ನೊಬ್ಬರ ನಿಯಮದಲ್ಲಿ ತೂತು ಹುಡುಕುತ್ತಾರೆಂದು. ಮುಖಪುಟದಲ್ಲಿ ಹೆಸರು ಬರುವುದು ಚಿತ್ರ ಬರೆದವರದು. ಇವರದು ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಮೊದಲು ಅಡುಗೆಮನೆ ಯಂತ್ರಗಳ ಕೈಪಿಡಿ ಬರೆಯುತ್ತಿದ್ದರು. "ಮುಚ್ಚಳ ಹಾಕದೆ ಮಿಕ್ಸಿ ತಿರುಗಿಸಬೇಡಿ ಅಂತ ಬರೆದೋಳು ನಾನೇ. ಯಾರೂ ಓದಿಲ್ಲ ಅನ್ನೋದು ನಮ್ಮನೆ ಗೋಡೆ ನೋಡಿದ್ರೂ ಗೊತ್ತಾಗುತ್ತೆ" ಎಂದು ನಗುತ್ತಾರೆ. ಆ ಕಂಪನಿ ಬಾಗಿಲು ಹಾಕಿದ ಮೇಲೆ ಈ ಕೆಲಸ ಹಿಡಿದರು. ಮನೆಯಲ್ಲಿ ಆಡಿಸಿ ನೋಡಲು ಅತ್ತೆಯೇ ಯಾಕೆ? "ಬೇರೆಯವರು ಆಟ ಚೆನ್ನಾಗಿರ್ಲಿ ಅಂತ ಆಡ್ತಾರೆ. ಇವರು ನನ್ನ ಸೋಲಿಸ್ಬೇಕು ಅಂತ ಆಡ್ತಾರೆ."

ಅತ್ತೆ ಹೊಲಿಗೆ ಅಂಗಡಿ ನಡೆಸಿದವರು. ಆಟದಲ್ಲಿ ಬಟ್ಟಲಿಗೆ ಬೀಳುವ ಅಂಗಿ ಗುಂಡಿಗಳು ಆ ಅಂಗಡಿಯವೇ. ಹ್ಯಾಕರ್ ಎರಡು ಚೀಟಿ ಜೋಡಿಸಿ ಓಡಿಸುವ ಪ್ರತಿ ಪ್ರೋಗ್ರಾಂ ಸದ್ದು ಮಾಡುತ್ತದೆ. ಸದ್ದಿಗೆ ತಕ್ಕಷ್ಟು ಗುಂಡಿ ಬಟ್ಟಲಿಗೆ. ಬಟ್ಟಲು ತುಂಬಿತೋ, ಕಾವಲುಗಾರರು ನುಗ್ಗುತ್ತಾರೆ. ಏಟು ಬೀಳುವುದು ಹ್ಯಾಕರಿಗಲ್ಲ, ಹೊರಗೆ ನಿಂತ ಮೂವರಿಗೆ. ಅವರು ಏನಾದರೂ ಉಪಾಯ ಹೂಡಿದರೆ ಗುಂಡಿ ತೆಗೆಯಬಹುದು. ಎಲ್ಲ ಸರಿಯಾಗಿತ್ತು, ಈ ನಕಲು ಒಂದು ಬಿಟ್ಟು. ಒಂದೇ ಸಲದ ಸದ್ದಿಗೆ ಅದು ಕೊನೆಯಿಲ್ಲದೆ ಬೆಳೆಯುತ್ತದೆ.

"ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಎಲ್ಲಿ ನಿಲ್ಲಿಸ್ಬೇಕು ಅಂತ ಗುರುತು ಹಾಕ್ತೀವಿ" ಎನ್ನುತ್ತಾರೆ ಅತ್ತೆ, ಗುಂಡಿಗಳನ್ನು ಡಬ್ಬಿಗೆ ತುಂಬುತ್ತ. "ನೀನು ಹಾಕೇ ಇಲ್ಲ."

ತೂತಕ್ಕ ಸಾಬೂನಿನ ರಟ್ಟಿನ ಪೆಟ್ಟಿಗೆ ಹರಿದು ಕತ್ತರಿ ಹಿಡಿಯುತ್ತಾರೆ. ಇನ್ನು ಪ್ರತಿ ಪ್ರೋಗ್ರಾಮಿಗೆ ಮೂರನೇ ಚೀಟಿ ಕಡ್ಡಾಯ: ಎಲ್ಲಿಯವರೆಗೆ. ದೂರ ಹೋದಷ್ಟೂ ಗುಂಡಿ ಹೆಚ್ಚು. ಹೊಸ ಚೀಟಿಗಳ ಮೇಲೆ ಸಾಬೂನಿನ ಅರ್ಧ ನಿಂಬೆಹಣ್ಣಿನ ಚಿತ್ರ ಹಾಗೇ ಉಳಿದಿದೆ. ಬಸ್ಸಿಗೆ ಹೊತ್ತಾಗಿದೆ.

ಪ್ರಕಾಶಕರ ಕಚೇರಿಯ ಹಿಂದಿನ ಕೋಣೆಯಲ್ಲಿ ನಾಲ್ವರು ಆಡುತ್ತಿದ್ದಾರೆ. ಪ್ರಕಾಶಕರು ಕಾಫಿ ಲೋಟ ಹಿಡಿದು ಗೋಡೆಗೆ ಒರಗಿದ್ದಾರೆ. ಹ್ಯಾಕರ್ ಆಗಿರುವ ಜಡೆಯ ಹುಡುಗಿ ಚೀಟಿಗಳನ್ನು ಕೈಗೆತ್ತಿಕೊಂಡಿದ್ದೇ ತಡ, ಕಾರು ಓಡಿಸುವ ಬೋಳುತಲೆಯವರು ಅಭ್ಯಾಸಬಲದಿಂದ ಕುರ್ಚಿ ಹಿಂದೆ ಸರಿಸುತ್ತಾರೆ.

ಹುಡುಗಿ 'ನಕಲು' ಇಡುತ್ತಾಳೆ. ಪಕ್ಕದಲ್ಲಿ 'ನಕಲನ್ನು'. ಅತ್ತೆಯ ಉಪಾಯವೇ! ಆಮೇಲೆ ನಿಂಬೆಹಣ್ಣಿನ ಚೀಟಿ ಅವಳ ಕೈಯಲ್ಲೇ ನಿಲ್ಲುತ್ತದೆ. ಯೋಚಿಸಿ, "ಕಂಪನಿ ಕಟ್ಟಡದ ಐದನೇ ಬಾಗಿಲವರೆಗೆ" ಎನ್ನುತ್ತಾಳೆ. ಗುಂಡಿಗಳು ಟಣಟಣ ಬೀಳುತ್ತವೆ. ಇನ್ನೊಂದು ಬಿದ್ದರೆ ಬಟ್ಟಲು ಭರ್ತಿ.

"ಅಯ್ಯೋ ತಾಯಿ, ನಮ್ಮನ್ನ ಸಾಯಿಸ್ತೀಯಾ?" ಬೋಳುತಲೆಯವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. "ನಾನು ಹಿಂದಿನ ಗೇಟಲ್ಲಿ ಹಾರ್ನ್ ಹೊಡೀತೀನಿ. ಕಾವಲಿನವರು ಆ ಕಡೆ ಓಡ್ಲಿ."

"ದಾಳ ಹಾಕಿ ಮೊದ್ಲು, ಆಮೇಲೆ ಹಾರ್ನು" ಎನ್ನುತ್ತಾಳೆ ಹುಡುಗಿ.

ದಾಳ ಆರಕ್ಕೆ ಬಿದ್ದು ಎರಡು ಗುಂಡಿ ಈಚೆ ಬರುತ್ತವೆ. ಮಾತಿನಮಲ್ಲರು ಕಟ್ಟಡದ ಲಿಫ್ಟಿನವನನ್ನು ಮಾತಿಗೆಳೆಯುತ್ತಾರೆ, ಇನ್ನೊಂದು ಗುಂಡಿ ಈಚೆ. ಹೊಡೆದಾಡುವಾಕೆ ಬಟ್ಟಲಿನ ಮೇಲೆ ಬಗ್ಗಿ ಎಣಿಸುತ್ತಿದ್ದಾರೆ. ಐದನೇ ಬಾಗಿಲು ತೆರೆದಾಗ ಮೇಜೇ ಮಗುಚುವಂಥ ಗದ್ದಲ. ಪ್ರಕಾಶಕರ ಕಾಫಿಗೆ ಕೆನೆ ಕಟ್ಟಿದೆ. ಅವರು ಲೋಟ ಕೆಳಗಿಟ್ಟು ಹೇಳುವುದಿಷ್ಟು: "ಅಧ್ಯಾಯ ಇರ್ಲಿ. ಸ್ವಲ್ಪ ಸರೀರಿ, ನಾನೂ ಕೂರ್ತೀನಿ."

ಸಂಜೆ ಅತ್ತೆ ಬಾಗಿಲಲ್ಲೇ ಕೇಳುತ್ತಾರೆ, "ಯಾರಾದ್ರೂ ಎದ್ರಾ?"

"ಯಾರೂ ಏಳ್ಲಿಲ್ಲ. ಕೂರೋಕೆ ಒಬ್ಬರು ಜಾಸ್ತಿ ಆದ್ರು."

ತೂತಕ್ಕನಿಗೆ ಈಗ ಒಂದೇ ಆಸೆ. ಬೀಗ ಹಾಕಿದ್ದನ್ನೆಲ್ಲ ತೆಗೆದು ನೋಡುವ ಪ್ರೋಗ್ರಾಮಿಗೆ ಪುಸ್ತಕದಲ್ಲಿ 'ಅತ್ತೆ' ಎಂದು ಹೆಸರಿಡಬೇಕು.

"ಸದ್ದೆಷ್ಟು ಅದಕ್ಕೆ?" ಅತ್ತೆಯ ಪ್ರಶ್ನೆ.

"ನಿಮಗೋಸ್ಕರ ಸೊನ್ನೆ."

ಅತ್ತೆ ಗುಂಡಿ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. "ಸೊನ್ನೆ ಕೊಟ್ರೆ ಆಟ ಕೆಡುತ್ತೆ. ನಾಲ್ಕು ಮಾಡು."