ಯುದ್ಧದ ಕಾಲದ ಎರಡು ರೂಪಾಯಿ

ಹಳೆಯ ಬೆಳ್ಳಿ ರೂಪಾಯಿ ಮಾರುವುದಿದ್ದರೆ ನಮ್ಮ ಬಾಗಲಕೋಟೆ ನವನಗರದ ಓಣಿಯವರು ಮೊದಲು ನನ್ನನ್ನು ಕರೆಯುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ತೂಕದಲ್ಲಿ ನನಗೆ ಟೋಪಿ ಹಾಕುವುದು ಸುಲಭವಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಬೆಳ್ಳಿ ಅಂಗಡಿಯಲ್ಲಿ ಆ ಮಾತು ಇನ್ನೂ ಖರೆ.

ಅಪರೂಪದ ವರ್ಷದ್ದು, ಮುಖ ಸವೆಯದೇ ಇರುವುದು ಸಿಕ್ಕರೆ ಅಂಗಡಿಯವರು ಅದನ್ನು ಸಂಗ್ರಹಿಸುವವರಿಗೆಂದು ಬೇರೆ ಇಡುತ್ತಾರೆ. ಉಳಿದದ್ದರ ಮೇಲೆ ರಾಜನ ಮುಖವಿದ್ದರೂ ಒಂದೇ, ರಾಣಿಯ ಮುಖವಿದ್ದರೂ ಒಂದೇ. ತಕ್ಕಡಿಗೆ ಹಾಕಿ, ಆ ದಿನದ ದರ ಹಿಡಿದು, ಕರಗಿಸುವುದಷ್ಟೇ. ಸರ ಪೋಣಿಸಲು ಕೊಂಡಿ ಬೆಸೆದಿದ್ದರೆ ಆ ಬೆಸುಗೆಯ ತೂಕವನ್ನೂ ಕಳೆಯುತ್ತಾರೆ. ನಮ್ಮ ಕಡೆಯ ಹೆಂಗಸರಂತೂ ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯ ರೂಪಾಯಿಗಳಿಗೆ ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ರಾಜನ ಮೂಗನ್ನೇ ಅಳಿಸಿಬಿಟ್ಟಿರುತ್ತಾರೆ. ಸಂಗ್ರಹಿಸುವವರು ಅಂಥವನ್ನು ಮುಟ್ಟುವುದಿಲ್ಲ. ಹೊಳಪು ಹೆಚ್ಚಾದಷ್ಟೂ ಬೆಲೆ ಹೆಚ್ಚು ಎಂದು ನಂಬಿದವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಇಳಕಲ್ಲಿಗೆ ಕೊಟ್ಟ ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕೈಗೆ ಬೆಳ್ಳಿ ಕಡಗ ತವರಿನಿಂದ ಹೋಗಬೇಕು. ನಮ್ಮ ಬೀಗಿತ್ತಿ ಬೆಳ್ಳಿಯನ್ನು ಅಂಗೈಯಲ್ಲಿಟ್ಟುಕೊಂಡೇ ಒಳ್ಳೆಯದೋ ಕೆಟ್ಟದ್ದೋ ಹೇಳುವವರು. ಅವರು ಕೊಂಕು ತೆಗೆಯದಂಥ ಕಡಗವನ್ನೇ ತರಬೇಕೆಂದು ನಾನು ನಿರ್ಧರಿಸಿದ್ದೆ. ಅಷ್ಟರಲ್ಲಿ ಅವ್ವ ದೇವರ ಜಗುಲಿಯಿಂದ ತನ್ನ ಡಬ್ಬಿ ತೆಗೆದಳು. ಒಳಗೆ ಆರು ರೂಪಾಯಿ. ನಾಲ್ಕು ಅವಳ ಅತ್ತೆಯ ಮನೆಯವು, ಕಪ್ಪಡರಿದ್ದವು. ಎರಡು ಅವಳ ತಾಯಿ, ಎಂದರೆ ನನ್ನ ಅಜ್ಜಿ ಕೊಟ್ಟವು, ಫಳಫಳ ಹೊಳೆಯುತ್ತಿದ್ದವು.

ಅಜ್ಜಿ ಬೇವೂರಿನಿಂದ ಬೆಣ್ಣೆ ಹೊತ್ತು ಹಳೆ ಬಾಗಲಕೋಟೆಯ ಪ್ಯಾಟೆಗೆ ಬರುತ್ತಿದ್ದಳು. ಆ ಎರಡು ರೂಪಾಯಿಗಳನ್ನು ಎಲ್ಲಿಯೋ ಮುಚ್ಚಿಟ್ಟು, ನಾನು ಹುಟ್ಟಿದಾಗ ಅವ್ವನ ಉಡಿಯಲ್ಲಿ ಹಾಕಿದ್ದಳಂತೆ. ಅವಳು ಕೂತು ಮಾರುತ್ತಿದ್ದ ಜಾಗ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಅವಳದೊಂದು ಫೋಟೊ ಕೂಡ ನಮ್ಮಲ್ಲಿಲ್ಲ. ಅವಳ ಬೆಳ್ಳಿ ತನ್ನ ಮರಿಮೊಮ್ಮಗಳ ಕೈಗೆ ಏರಬೇಕು ಎಂಬುದೊಂದೇ ಅವ್ವನ ಆಸೆ.

ನಾವಿಬ್ಬರೂ ಡಬ್ಬಿ ಹಿಡಿದು ಹೋದಾಗ ಬಾಗಲಕೋಟೆಯ ಬೆಳ್ಳಿ ಅಂಗಡಿಯವನು ಆರನ್ನೂ ಹೊರಳಿಸಿ ನೋಡಿದ. ಭೂತಗನ್ನಡಿ ಹಿಡಿದು ವರ್ಷ ಓದಿದ, ಅಂಚನ್ನು ಉಗುರಿನಿಂದ ಸವರಿದ. ಆಮೇಲೆ ಹೊಳೆಯುವ ಎರಡನ್ನು ಪಕ್ಕಕ್ಕೆ ಸರಿಸಿದ.

"ಈ ನಾಕು ಚೊಕ್ಕ ಅದಾವ್ರಿ. ಇವೆರಡು ಯುದ್ಧದ ಟೈಮಿನ್ವು. ಬೆಳ್ಳಿ ಅರ್ಧಾನ, ಉಳಿದದ್ದು ತಾಮ್ರ ಅದು ಇದು. ಇವನ್ನ ಕೂಡಿಸಿ ಕರಗಿಸಿದ್ರ ಚೊಲೋದೂ ಕೆಡತೈತಿ."

"ಅವ ಭಾಳ ಬೆಳ್ಳಗ ಅದಾವಲ್ಲಪಾ," ಅಂದಳು ಅವ್ವ.

"ಬೆಳ್ಳಗಿರೂದೆಲ್ಲಾ ಹಾಲಲ್ಲ ಬೇ ಯವ್ವಾ."

ಅವ್ವನ ಮುಖ ಸಣ್ಣದಾಯಿತು. ಇಷ್ಟು ವರ್ಷ ಆ ಎರಡಕ್ಕೇ ಒಂದು ಕೈ ಹೆಚ್ಚು ಹುಣಸೆಹಣ್ಣು ಹಾಕಿ ತಿಕ್ಕಿದವಳು ಅವಳು. ನನಗೆ ಸಿಟ್ಟು ಬಂತು. ಅಂಗಡಿಯವನ ಮೇಲಲ್ಲ, ಅವನು ಖರೆ ಹೇಳಿದ್ದ. ಅಜ್ಜಿ ಬೆಣ್ಣೆಯನ್ನು ಪೂರ್ತಿ ತೂಗಿ ಕೊಟ್ಟಿದ್ದಳು, ಅಂದಿನ ಬ್ರಿಟಿಷ್ ಸರಕಾರ ಅವಳಿಗೆ ಅರ್ಧ ಬೆಳ್ಳಿ ಕೊಟ್ಟು ಕಳಿಸಿತ್ತು. ಆ ಸಿಟ್ಟು ಈಗಲೂ ಇಳಿದಿಲ್ಲ.

"ಯವ್ವಾ, ಅವೆರಡು ಜಗಲಿ ಮ್ಯಾಲ ಇರ್ಲಿ ಬಿಡು. ಈ ನಾಕರಾಗ ಕಡಗ ಮಾಡ್ಸೂಣು. ಬೀಗರ ಮುಂದ ಮಾನ ಹೋಗಬಾರದು," ಅಂದೆ.

ಅವ್ವ ಚೊಕ್ಕ ನಾಲ್ಕನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಉಳಿದೆರಡನ್ನು ಅಂಗಡಿಯವನ ಕಡೆ ದೂಡಿದಳು.

"ಇವುದರಾಗ ಮಾಡ್ರಿ."

"ಮುಂದ ಮಾರಾಕ ಹ್ವಾದ್ರ ದರ ಬರಂಗಿಲ್ಲ ಬೇ. ಇವನ್ನ ನನಗ ಕೊಡ್ರಿ, ತಯಾರ ಕಡಗ ಕೊಡ್ತೇನಿ. ಮ್ಯಾಲಿನ ರೊಕ್ಕ ಅಷ್ಟ ಹಾಕ್ರಿ."

ಅಂಗಡಿಯ ಪದ್ಧತಿಯೇ ಅದು. ಹಳೆಯದನ್ನು ಇಳಿಸಿಕೊಂಡು ಹೊಸದನ್ನು ಕೊಡುತ್ತಾರೆ. ಯಾರ ಬೆಳ್ಳಿ ಯಾರ ಮೈಮೇಲೆ ಹೋಯಿತೆಂದು ಯಾರೂ ಕೇಳುವುದಿಲ್ಲ.

"ಬದಲಿ ಬ್ಯಾಡ. ಕೂಸನ್ನ ಸಿಂಗರಸಾಕ ಮಾಡ್ಸಾಕತ್ತೇನಿ, ಮಾರಾಕಲ್ಲ. ಕರಗಸ್ರಿ, ನಾ ಇಲ್ಲೇ ಕುಂತಿರ್ತೇನಿ," ಅಂದಳು ಅವ್ವ.

ಹಿಂದಿನ ಕೋಣೆಯಲ್ಲಿ ಕೆಲಸಗಾರ ಮೂಸೆಯಲ್ಲಿ ಅವನ್ನು ಹಾಕಿ, ಬಿಳಿಗಾರದ ಪುಡಿ ಉದುರಿಸಿ, ಬೆಂಕಿ ಹಿಡಿದ. ಅವ್ವ ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತು ರೂಪಾಯಿಗಳು ನೀರಾಗುವವರೆಗೂ ನೋಡಿದಳು. ಸುತ್ತಿಗೆಯಿಂದ ಬಡಿಯುವಾಗ ಬೆಳ್ಳಿಗಟ್ಟಿ ಎರಡು ಸಲ ಬಿರುಕುಬಿಟ್ಟಿತು, ಕೆಲಸಗಾರ ಗೊಣಗುತ್ತ ಮತ್ತೆ ಕಾಸಿದ. ಮಜೂರಿಯ ವಿಷಯದಲ್ಲಿ ನಾನು ಒಂದು ಮಾತೂ ಚೌಕಾಶಿ ಮಾಡಲಿಲ್ಲ.

ಇಳಕಲ್ಲಿನಲ್ಲಿ ತೊಟ್ಟಿಲ ದಿನ ಬೀಗಿತ್ತಿ ಕಡಗಗಳನ್ನು ಅಂಗೈಯಲ್ಲಿಟ್ಟು ತೂಗಿದರು. "ಯಾಕ್ರಿ, ಬೆಳ್ಳಿ ಮಬ್ಬ ಐತಲ್ಲ?" ಅಂದರು. ಸುತ್ತ ಕೂತ ಹೆಂಗಸರು ನನ್ನ ಕಡೆ ತಿರುಗಿದರು.

"ಅರ್ಧಾ ಬೆಳ್ಳಿನ ರೀ," ಅಂದೆ. "ನಮ್ಮ ಅಜ್ಜಿ ಗಳಿಸಿದ್ದು. ಅಕಿ ಕೈಗೆ ಬಂದಿದ್ದ ಅಷ್ಟು." ಧ್ವನಿ ತಗ್ಗಿಸಿ ಹೇಳಲಿಲ್ಲ. ಬೀಗಿತ್ತಿ ಎದ್ದು ಹೋಗಿ ಕಡಗಗಳನ್ನು ಅವ್ವನ ಕೈಗೇ ಕೊಟ್ಟರು.

ಅವ್ವ ತೊಟ್ಟಿಲಿಗೆ ಬಾಗಿ ಕೂಸಿನ ಕೈಗೆ ಒಂದೊಂದನ್ನೇ ಏರಿಸಿದಳು. ನಮ್ಮಲ್ಲಿ ಹೆಣ್ಣುಕೂಸನ್ನು ಅವ್ವ ಎಂದು ಕರೆಯುವುದು ಹೊಸದೇನಲ್ಲ, ಅವ್ವ ಆಮೇಲೆ ಆಡಿದ ಮಾತನ್ನು ಉಳಿದವರು ಹಾಗೆಯೇ ಕೇಳಿಸಿಕೊಂಡಿರಬೇಕು. ಅವಳು ತನ್ನ ತಾಯಿಯ ಬೆಳ್ಳಿ ಏರಿದ ಆ ಪುಟ್ಟ ಮುಂಗೈ ಹಿಡಿದು ಮೆಲ್ಲಗೆ ಕೇಳಿದಳು: "ಬಂದೇನ ಯವ್ವಾ?"