ಕಾಗೆಗೆಂದು ಇಟ್ಟ ಎಡೆ

ನನ್ನ ಗಂಡ ಆಫ್ರಿಕಾದ ಸಫಾರಿ ಬುಕ್ ಮಾಡಿ, ಹೊರಡುವ ಮೊದಲೇ ತೀರಿಕೊಂಡರು. ಜಾಂಬಿಯಾದಲ್ಲಿ, ಪ್ರವಾಸಿಗರು ಅಷ್ಟಾಗಿ ಹೋಗದ ಒಂದು ಕಾಡನ್ನು ಹುಡುಕಿ ಆರಿಸಿದ್ದರು. ಕ್ಯಾಂಪಿನವರು ಬುಕಿಂಗನ್ನು ಮರುವರ್ಷಕ್ಕೆ ಹಾಕಿಕೊಟ್ಟರು. ನನಗೆ ಹೋಗುವ ಮನಸ್ಸಿರಲಿಲ್ಲ. ಕಲ್ವರ್ ಸಿಟಿಯಲ್ಲಿ ಕೆಲಸ ಮಾಡುವ ಮಗಳು ಒಂದು ಶನಿವಾರ ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಗೆ ಬಂದು, ಅಪ್ಪನ ಟೋಪಿ ಹಾಕಿಕೊಂಡು, "ವಿ ಆರ್ ಗೋಯಿಂಗ್, ಅಮ್ಮ," ಎಂದಳು.

ವರ್ಷದ ತಿಥಿ ನಾವು ಕಾಡಿನಲ್ಲಿರುವಾಗಲೇ ಬರುತ್ತಿತ್ತು. ಕ್ಯಾಲಬಾಸಸ್ ಊರಿನ ಗುಡಿಯ ಅರ್ಚಕರನ್ನು ಕೇಳಿದೆ.

"ಎಲ್ಲಿದ್ರೂ ಮಾಡಬಹುದಮ್ಮ. ಮಗಳೇ ಎಡೆ ಇಡಲಿ. ಕಾಗೆ ಮುಟ್ಟೋ ತನಕ ಊಟ ಮಾಡಬೇಡಿ, ಅಷ್ಟೇ."

"ಅಲ್ಲಿ ಕಾಗಿ ಇರ್ತಾವೇನ್ರೀ?"

"ಕಾಗೆ ಇಲ್ಲದ ಊರುಂಟೇನಮ್ಮ?"

ಕ್ಯಾಂಪಿಗೆ ಹೋದ ದಿನವೇ ಗೈಡ್ ಎಚ್ಚರಿಸಿದ್ದ: ಟೆಂಟಿನಲ್ಲಿ ಹಣ್ಣು ಇಡಬಾರದು, ಆನೆಗಳಿಗೆ ದೂರದಿಂದಲೇ ವಾಸನೆ ಸಿಗುತ್ತದೆ. ಕಾವಲುಗಾರನಿಲ್ಲದೆ ಓಡಾಡಬಾರದು.

ತಿಥಿಯ ದಿನ ಅಡುಗೆಯವರಿಂದ ಒಂದಿಷ್ಟು ಅನ್ನ ಕೇಳಿ ತಂದೆ. ಮಗಳು ಮೊಸರು ಹಾಕಿ ಕಲಸಿ ಉಂಡೆ ಕಟ್ಟಿದಳು. ಆಮೇಲೆ ಜಾಕೆಟ್ಟಿನ ತೋಳಿನೊಳಗೆ ಬಚ್ಚಿಟ್ಟು ತಂದಿದ್ದ ಒಂದು ಬಾಳೆಹಣ್ಣು ತೆಗೆದು ಸುಲಿದಳು. ಅಪ್ಪನಿಗೆ ಅದಿಲ್ಲದೆ ಊಟ ಮುಗಿಯುತ್ತಿರಲಿಲ್ಲ. ಗೈಡ್ ಹೇಳಿದ್ದು ಟೆಂಟಿನ ಒಳಗಿನ ಮಾತು, ನಾವು ಇಡುತ್ತಿರುವುದು ಹೊರಗೆ, ಎಂದುಕೊಂಡೆ. ಹಸಿ ಬಾಳೆಲೆಯಿಲ್ಲ, ಕ್ಯಾಂಪಿನ ತಟ್ಟೆಯಲ್ಲೇ ಟೆಂಟಿನ ಮುಂದೆ ಇಟ್ಟೆವು.

ಕಾಗೆ ಬಂದು ಎದುರಿನ ಮರದ ಕೊಂಬೆಯ ಮೇಲೆ ಕೂತಿತು. ಮೈಯೆಲ್ಲ ಕಪ್ಪು, ಎದೆ ಮಾತ್ರ ಬೆಳ್ಳಗೆ.

"ನಿಮ್ಮಪ್ಪನ ಹಂಗ ಬನಿಯನ್ ಹಾಕ್ಕೊಂಡದ ನೋಡು," ಎಂದೆ. ಅವಳು ನಕ್ಕಳು. ಆ ವರ್ಷ ಅವಳ ನಗು ಕೇಳಿದ್ದು ಕಡಿಮೆ.

ಕಾಗೆ ಕೊಂಬೆಯಿಂದ ಇಳಿಯಲಿಲ್ಲ. ಬಿಸಿಲೇರಿತು. ಇಬ್ಬರಿಗೂ ಹಸಿವು. ಪಕ್ಕಕ್ಕೆ ನೀರು ಇಟ್ಟರೆ ಇಳಿದೀತೆಂದು, ಕಾವಲುಗಾರನನ್ನು ಕರೆದುಕೊಂಡು ಅಡುಗೆಮನೆಗೆ ಹೋದೆ. ಮಗಳು ಟೆಂಟಿನ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದಳು.

ಚೊಂಬಿನಷ್ಟು ನೀರು ಹಿಡಿದು ತಿರುಗಿ ಬರುವಾಗ ಕಾವಲುಗಾರ ನನ್ನ ರಟ್ಟೆ ಹಿಡಿದು ನಿಲ್ಲಿಸಿದ. ಟೆಂಟಿನ ಮುಂದೆ ಆನೆ ನಿಂತಿತ್ತು. ಒಂಟಿ ಗಂಡಾನೆ. ಅಷ್ಟು ದೊಡ್ಡ ಮೈ ಬಂದದ್ದರ ಸದ್ದೇ ನಮಗೆ ಕೇಳಿರಲಿಲ್ಲ. ಬಾಳೆಹಣ್ಣು ಆಗಲೇ ಹೋಗಿತ್ತು. ಸೊಂಡಿಲು ತಟ್ಟೆಯ ಸುತ್ತ ಹುಡುಕುತ್ತಿತ್ತು. ಅದರಾಚೆ, ಕುರ್ಚಿಯಲ್ಲಿ, ನನ್ನ ಮಗಳು.

ಓಡಬಾರದು, ಅವಳೊಂದಿಗೆ ಮೆಲ್ಲಗೆ ಮಾತಾಡುತ್ತಿರಿ ಎಂದು ಕಾವಲುಗಾರ ಪಿಸುಗುಟ್ಟಿದ. ಅವನ ಬಂದೂಕು ಹೆಗಲಿಂದ ಕೈಗೆ ಬಂದಿತ್ತು.

"ಏಳಬ್ಯಾಡ, ನನ್ನವ್ವ. ಹಂಗ ಕುಂದರು."

"ಅಮ್ಮ, ಇಟ್ಸ್ ಕಮಿಂಗ್."

"ಬರಲಿ. ನೀ ಅಲುಗಾಡಬ್ಯಾಡ. ನಾ ಇಲ್ಲೇ ಅದೀನಿ."

ಇಲ್ಲೇ ಇದ್ದು ನಾನು ಮಾಡುವುದೇನೂ ಇರಲಿಲ್ಲ. ಆಸ್ಪತ್ರೆಯಲ್ಲೂ ಗಂಡನ ಮಂಚದ ಪಕ್ಕ ಇದೇ ಮಾತು ಹೇಳುತ್ತ ನಿಂತಿದ್ದೆ. ಸೊಂಡಿಲು ಮುಂದಕ್ಕೆ ಚಾಚಿಕೊಂಡು ಅವಳ ತೊಡೆಯ ಮೇಲಿದ್ದ ಕೈಗಳಿಗೆ ಬಂತು. ಹಣ್ಣು ಸುಲಿದ ಕೈ, ಅನ್ನ ಕಲಸಿದ ಕೈ. ಅದು ಬೆರಳ ಸಂದಿಗಳನ್ನೆಲ್ಲ ಮೂಸಿತು. ಅವಳು ಕಣ್ಣು ಮುಚ್ಚಿದ್ದಳು. ಇದ್ದ ದೇವರನ್ನೆಲ್ಲ ಕರೆಯಬೇಕಿತ್ತು; ಒಂದು ಹೆಸರೂ ಬಾಯಿಗೆ ಬರಲಿಲ್ಲ. "ಕುಂದರು, ಕುಂದರು," ಎನ್ನುತ್ತಲೇ ಇದ್ದೆ. ಅವಳು ಮೆಲ್ಲಗೆ ಎರಡೂ ಅಂಗೈ ಬಿಚ್ಚಿ, ಏನೂ ಇಲ್ಲವೆಂದು ತೋರಿಸಿದಳು.

ಆನೆ ಇನ್ನಷ್ಟು ಹೊತ್ತು ಮೂಸಿತು. ಕಾವಲುಗಾರ ಬಂದೂಕಿನ ಹಿಡಿಯನ್ನು ಬೆರಳಿನಿಂದ ತಟ್ಟುತ್ತ, ತನ್ನ ಭಾಷೆಯಲ್ಲಿ ಆನೆಗೆ, ಮನೆಯವರಿಗೆ ಹೇಳುವಂತೆ, ಏನೋ ಹೇಳತೊಡಗಿದ. ಆನೆ ಕಿವಿ ಅಗಲಿಸಿ ನಮ್ಮತ್ತ ಒಮ್ಮೆ ತಿರುಗಿತು. ಆಮೇಲೆ ತಟ್ಟೆಯ ಮೇಲೆ ಕಾಲಿಟ್ಟು ನದಿಯ ಕಡೆ ಹೋಯಿತು.

ಗೈಡ್ ಬಂದು ಬೈದ. ಅವನ ಮಾತು ಸರಿಯಾಗಿಯೇ ಇತ್ತು. ಚೆಲ್ಲಿದ ಅಗುಳೆಲ್ಲ ಗುಡಿಸಿ ತೆಗೆಸಿದ. ಮಗಳು ಸೋಪು ಹಚ್ಚಿ ಕೈ ತೊಳೆಯುತ್ತಲೇ ಇದ್ದಳು.

"ಡಸ್ ಇಟ್ ಕೌಂಟ್, ಅಮ್ಮ? ಕಾಗೆ ಮುಟ್ಟಲೇ ಇಲ್ಲ."

ನಾನು ಅಡುಗೆಯವರಿಂದ ಬಿಸಿ ಅನ್ನ, ಬೇಯಿಸಿದ ಬೀನ್ಸು ತಂದು ಅವಳ ಮುಂದೆ ಕುಳಿತೆ. ತುತ್ತು ಕಲಸಿ ಬಾಯಿಗೆ ಹಿಡಿದೆ.

"ಮೊದಲ ನೀ ಉಣ್ಣು," ಎಂದೆ.